ರಾಶಿಯ ಹೊತ್ತಿನ ಸೀನು

ಮೊನ್ನೆ ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಯಾರೋ ಪುಣ್ಯಾತ್ಮರು ರಸ್ತೆಯ ಅಂಚಿಗೇ ಜೋಳ ಒಕ್ಕುವ ಯಂತ್ರ ನಿಲ್ಲಿಸಿಕೊಂಡು ಹೊಟ್ಟನ್ನು ಸೀದಾ ಬಸ್ಸಿನೊಳಗೇ ತೂರುತ್ತಿದ್ದರು. ಗಾಜು ಎಳೆಯಲು ಹೋದರೆ ಅದು ಜಾಮಾಗಿತ್ತು. ಜೋಳದ ತೆನೆಯಿಂದ ಏಳುವ ಸಣ್ಣ ದೂಳಿಗೆ ನಮ್ಮ ಕಡೆ ಸುಂಕು ಅನ್ನುತ್ತಾರೆ. ಮೈಗೆ ತಾಗಿದರೆ ತುರಿಕೆ, ನನ್ನಂಥವರ ಮೂಗಿಗೆ ತಾಗಿದರೆ ಹಬ್ಬ. ಒಂದು ಸೀನು ಬಂತು. ಮುಂದಿನ ಸೀಟಿನಲ್ಲಿ ಹೊಸ ಟವೆಲ್ ಹಾಕಿಕೊಂಡು ಕೂತಿದ್ದವನು ಗಾಬರಿಯಿಂದ ತಿರುಗಿದ.

"ಯಕ್ಕಾ, ಹೆಣ್ಣು ನೋಡಾಕ ಹೊಂಟೀವ್ರೀ. ಒಂಟಿ ಸೀನು ಆತು. ಇನ್ನೊಂದು ಸೀನಿಬಿಡ್ರಿ."

ಇನ್ನೊಂದೇನು, ಅವನ ಮನೆತನಕ್ಕೆಲ್ಲ ಸಾಕಾಗುವಷ್ಟು ಸೀನಿದೆ. ಆಗ ನೋಡಿದರೆ ನನ್ನ ಬಲಗೈ ಹೆಬ್ಬೆರಳು ತಾನಾಗಿ ಎಡಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮೆತ್ತನೆಯ ಮಾಂಸವನ್ನು ಹಿಡಿದು ಒತ್ತುತ್ತಿತ್ತು. ನಾನು ಹೇಳಿರಲಿಲ್ಲ, ಅದೇ ಹೋಗಿತ್ತು. ಇದನ್ನು ಕಲಿತ ವರ್ಷ ನೆನಪಾದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ವಯಸ್ಸಾದ ಮೇಲೆ ಎಲ್ಲ ನೆನಪೂ ಸಿಹಿಯಾಗುತ್ತದೆ ಅನ್ನುವವರನ್ನು ನಾನು ನಂಬುವುದಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ರಾಯಚೂರಿನಲ್ಲಿ ಶಿಕ್ಷಕರ ತರಬೇತಿಗೆ ಸೇರಿದ್ದೆ. ಕೂಲಿ ಮಾಡಿ ಬದುಕುವ ನಮ್ಮ ಕೇರಿಯಿಂದ ಅಷ್ಟು ದೂರ ಓದಲು ಹೋದ ಹುಡುಗಿ ಅದುವರೆಗೆ ಯಾರೂ ಇರಲಿಲ್ಲ. ಹಾಗಾಗಿ ಇಡೀ ಕೇರಿ ನನ್ನನ್ನು ಆಗಲೇ ಟೀಚರ್ ಎಂದು ಕರೆಯುತ್ತಿತ್ತು. ಆದರೆ ಟೀಚರಮ್ಮನ ಮೂಗು ಮಾತ್ರ ಪಾಠ ಕೇಳಲು ಬಿಡುತ್ತಿರಲಿಲ್ಲ. ನಮ್ಮ ಹಾಸ್ಟೆಲ್ಲಿನ ಹಿಂದೆಯೇ ಹತ್ತಿ ಜಿನ್ನಿಂಗ್ ಮಿಲ್ಲು. ಹತ್ತಿಯ ಕಾಲದಲ್ಲಿ ಅದರ ಎಳೆ ಗಾಳಿಗೆ ಬಂದು ಒಣಹಾಕಿದ ಬಟ್ಟೆ, ಕುಡಿಯುವ ನೀರಿನ ಹಂಡೆ, ಅನ್ನದ ತಟ್ಟೆ ಎಲ್ಲಕ್ಕೂ ಅಂಟಿಕೊಳ್ಳುತ್ತಿತ್ತು. ಬೆಳಿಗ್ಗೆ ಎದ್ದರೆ ಕಣ್ಣು ಕೆಂಪು, ಮೂಗು ಬಂದ್. ದವಾಖಾನೆಗೆ ಹೋದರೆ ಮಾತ್ರೆ ಕೊಟ್ಟರು. ಮಾತ್ರೆ ನುಂಗಿದರೆ ಸೀನು ನಿಲ್ಲುತ್ತಿತ್ತು, ಜೊತೆಗೆ ನಾನೂ ನಿಲ್ಲುತ್ತಿದ್ದೆ. ತರಗತಿಯಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದೆ. ಮನೋವಿಜ್ಞಾನ ಹೇಳುವ ಮೇಡಂ ಒಮ್ಮೆ ಎಲ್ಲರೆದುರಿಗೆ, "ಸರ್ಕಾರದ ಊಟ ಹೆಚ್ಚಾದ್ರ ಹಿಂಗs ಆಗೂದು" ಅಂದರು. ಸೀನಿದರೂ ಬೈಗುಳ, ಸೀನದಿದ್ದರೂ ಬೈಗುಳ. ಮೂಗನ್ನೇ ಕಿತ್ತು ಎಸೆಯಬೇಕು ಅನ್ನಿಸುತ್ತಿತ್ತು.

ವಾರ್ಡನ್ ಸರೋಜಾಬಾಯಿ ಅವರಿಗೆ ನನ್ನ ಸೀನು ಕೇಳಿ ಕೇಳಿ ತಲೆಕೆಟ್ಟಿರಬೇಕು. ಒಂದು ಮಧ್ಯಾಹ್ನ ತಮ್ಮ ಕೋಣೆಗೆ ಕರೆದರು. ಹೈದರಾಬಾದಿನಲ್ಲಿದ್ದ ತಂಗಿಯ ಮನೆಯಲ್ಲಿ ಅವರು ಯಾರಿಂದಲೋ ಆಕ್ಯುಪ್ರೆಷರ್ ಕಲಿತು ಬಂದಿದ್ದರು. ಮೊದಲು ಅಂಗೈಯ ಆ ಮೂಲೆ, ಆಮೇಲೆ ಮೂಗಿನ ಹೊಳ್ಳೆಗಳ ಎರಡೂ ಬದಿ, ಕೊನೆಗೆ ಮೂಗಿನ ಕೆಳಗೆ ಮೇಲ್ತುಟಿಯ ನಡುವೆ ಒತ್ತಿದರು. ಅವರ ಹೆಬ್ಬೆರಳು ಇಕ್ಕಳದಂತಿತ್ತು. ನಾನು ಕಿರುಚಿದೆ.

"ಜರಾ ತಡ್ಕೊ. ನೋಯ್ತದ ಅಂದ್ರ ಸರಿಯಾದ ಜಾಗ ಸಿಕ್ತು ಅಂತ ಅರ್ಥ."

ನಂಬಲಿಕ್ಕಾಗದೆ ಮೂಗಿನಿಂದ ಉಸಿರೆಳೆದೆ. ಗಾಳಿ ಒಳಗೆ ಹೋಯಿತು! ನನಗೆ ಅಳು ಬಂತು. "ಪೂರ್ತಿ ಹೋಗ್ತದೇನ್ರಿ ಮೇಡಂ?" ಎಂದು ಆಸೆಯಿಂದ ಕೇಳಿದೆ.

"ಹುಚ್ಚಿ. ರೋಗ ಹೋಗಂಗಿಲ್ಲ. ಸ್ವಲ್ಪ ಹೊತ್ತು ತಡಿತದ, ಉಸಿರಿಗೆ ಆರಾಮ ಆಗ್ತದ, ಅಷ್ಟೆ. ದೂಳಿನಾಗ ನಿಂತು ಒತ್ಕೊಂತ ಕುಂತ್ರ ದೇವರೂ ಏನೂ ಮಾಡಂಗಿಲ್ಲ."

ಅಷ್ಟೇ ಆದರೂ ನನಗೆ ಅದು ದೊಡ್ಡದು. ಪಾಠದ ನಡುವೆ ಬೆಂಚಿನ ಕೆಳಗೆ ಕೈ ಇಟ್ಟುಕೊಂಡು ಒತ್ತುತ್ತಿದ್ದೆ. ಕೆಲವು ಸಲ ಸೀನು ಬರುವ ದಾರಿಯಲ್ಲೇ ತಿರುಗಿ ಹೋಗುತ್ತಿತ್ತು, ಕೆಲವು ಸಲ ಕೇಳುತ್ತಲೇ ಇರಲಿಲ್ಲ. ಹಾಳಾದ್ದು ಯಾವಾಗ ಕೇಳುತ್ತದೆ, ಯಾವಾಗ ಕೇಳುವುದಿಲ್ಲ ಅನ್ನುವುದು ಕೊನೆಯವರೆಗೂ ಗೊತ್ತಾಗಲಿಲ್ಲ.

ಜೋಳದ ಸುಗ್ಗಿಯ ಹೊತ್ತಿಗೆ ರಜೆ ಹಾಕಿ ಊರಿಗೆ ಹೋದೆ. ದೇವದುರ್ಗದಲ್ಲಿ ಬಸ್ಸಿಳಿದು ಕೃಷ್ಣೆಯ ಕಡೆಗೆ ಇನ್ನೂ ಒಳಗೆ ನಡೆಯಬೇಕು. ದಾರಿಯುದ್ದಕ್ಕೂ ಕೊಯ್ದ ಜೋಳದ ಹೊಲ, ಎರೆಮಣ್ಣು ಬಿರಿದು ಚಪ್ಪಲಿ ಸಿಕ್ಕಿಕೊಳ್ಳುವಂಥ ಬಿಸಿಲು. ಮನೆಗೆ ಹೋಗಿ ನೋಡಿದರೆ ಅವ್ವನ ಕಣ್ಣುಗಳು ಊದಿಕೊಂಡಿದ್ದವು. ನನ್ನ ಮೂಗು ಅವಳದ್ದೇ. ಆಸ್ತಿ ಏನೂ ಕೊಡಲಾಗದವಳು ಅದೊಂದನ್ನು ಕೊಟ್ಟಿದ್ದಳು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಅವ್ವ ದುರ್ಗವ್ವ ಪ್ರತಿ ಸುಗ್ಗಿಗೂ ಸಾಹುಕಾರರ ಕಣದಲ್ಲಿ ದುಡಿಯುತ್ತಿದ್ದಳು. ತೆನೆ ಹರವುವುದು, ತೂರುವವರಿಗೆ ಬುಟ್ಟಿ ತುಂಬಿ ಕೊಡುವುದು, ಹೊಟ್ಟು ಬಳಿಯುವುದು. ರಾಶಿ ಅಳೆದ ಮೇಲೆ ಸಿಗುವ ಕಾಳೇ ನಮ್ಮ ವರ್ಷದ ರೊಟ್ಟಿ.

ಆದರೆ ಹಿಂದಿನ ವರ್ಷ ಅನಾಹುತವಾಗಿತ್ತು. ರಾಶಿ ಪೂಜೆ ಮುಗಿದು, ಎಲ್ಲರೂ ಬಾಯಿ ಕಟ್ಟಿಕೊಂಡು ನಿಂತಾಗ, ಅಳೆಯುವ ಶರಣಪ್ಪ ಮೊದಲ ಅಳತೆಗೆ ಒಂದು ಅನ್ನದೆ "ಲಾಭ" ಎಂದು ಕೂಗಿದ್ದ. ಅದೇ ಕ್ಷಣಕ್ಕೆ ಅವ್ವ ಸೀನಿದ್ದಳು. ರಾಶಿಯ ಹೊತ್ತಿನಲ್ಲಿ ಸೀನಿದರೆ ಕಣದ ಲಕ್ಷ್ಮಿ ಎದ್ದು ಹೋಗುತ್ತಾಳಂತೆ. ಒಂಟಿ ಸೀನು, ಜೋಡಿ ಸೀನು ಅನ್ನುವ ರಿಯಾಯಿತಿ ಅಲ್ಲಿ ಇಲ್ಲ. ಸಾಹುಕಾರರು ಅಳತೆ ನಿಲ್ಲಿಸಿ, ಮತ್ತೆ ಕಾಯಿ ಒಡೆಸಿ, ಎಲ್ಲ ಮೊದಲಿನಿಂದ ಮಾಡಿಸಿದ್ದರು. ಈ ವರ್ಷ ಅವ್ವ ಕೈಕಾಲು ಹಿಡಿದಂತೆ ಬೇಡಿಕೊಂಡ ಮೇಲೆ ಕರೆದಿದ್ದರು. ಶರತ್ತು ಒಂದೇ. ಈ ಸಲವೂ ರಾಶಿಯ ಹೊತ್ತಿಗೆ ಸೀನಿದರೆ ಇನ್ನು ಈ ಕಣಕ್ಕೆ ಕಾಲಿಡಬಾರದು.

"ಹೋಗಬ್ಯಾಡ ಬೇ" ಎಂದೆ. "ಆ ಸುಂಕಿನಾಗ ನಿಂತರ ಸೀನದs ಇರಾಕಾಗ್ತದೇನು? ಉಸಿರಾಡಾಕ ಹೆಂಗ್ ಒದ್ದಾಡಾಕತ್ತೀ ನೋಡ್ಕೋ."

"ಹೋಗಲಿಲ್ಲಂದ್ರ ವರ್ಷಾ ಏನ್ ತಿನ್ನೂದು? ನಿನ್ನ ಪುಸ್ತಕಾ ಬಡೀಲೇನು ರೊಟ್ಟೀ ಮಾಡಿ?"

"ನನ್ನ ನೌಕರಿ ಆಗೂ ಮಟ ತಡೀಬಾರದೇನು?"

"ಹೊಟ್ಟಿಗೆ ಹೇಳು ತಡಿ ಅಂತ." ಅವಳು ನನ್ನ ಕೈ ನೋಡಿದಳು. "ನೀ ಬಂದಾಗಿನಿಂದ ಅದೇನೋ ಒತ್ಕೊಳ್ಳಾಕತ್ತೀಯಲ್ಲ, ಏನದು?"

ಹೇಳಿದೆ. ಹೇಳಬಾರದಿತ್ತು ಅಂತ ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ, ಆದರೆ ಮುಚ್ಚಿಡುವುದಾದರೂ ಹೇಗೆ? ಅವ್ವನ ಕಣ್ಣು ಅರಳಿತು. ಅವಳಿಗೆ ರೋಗ ವಾಸಿಯಾಗುವುದು ಬೇಕಿರಲಿಲ್ಲ. ರಾಶಿ ಅಳೆಯುವಷ್ಟು ಹೊತ್ತು ಸೀನು ನಿಂತರೆ ಸಾಕಾಗಿತ್ತು. ನಾನು ಅವಳ ಉಸಿರು ಉಳಿಸಲು ನೋಡಿದರೆ, ಅವಳು ಕಣದಲ್ಲಿ ತನ್ನ ಜಾಗ ಉಳಿಸಲು ನೋಡುತ್ತಿದ್ದಳು. ಇಬ್ಬರೂ ಒತ್ತುತ್ತಿದ್ದದ್ದು ಮಾತ್ರ ಒಂದೇ ಕಡೆ.

ಅವ್ವನಿಗೆ ಕಲಿಸುವುದೆಂದರೆ ಕಲ್ಲಿಗೆ ಕಲಿಸಿದ ಹಾಗೆ. ನಿಧಾನಕ್ಕೆ ಒತ್ತು ಎಂದರೆ ಅವಳಿಗೆ ನಿಧಾನವೇ ಗೊತ್ತಿಲ್ಲ. ಮೆಲ್ಲಗೆ ಒತ್ತಿದರೆ ಇಷ್ಟು ಗುಣ, ಜೋರಾಗಿ ಒತ್ತಿದರೆ ಅಷ್ಟು ಗುಣ ಎಂದು ತಾನೇ ಲೆಕ್ಕ ಹಾಕಿ ಮೇಲ್ತುಟಿಯನ್ನು ನೀಲಿ ಮಾಡಿಕೊಂಡಳು. ಒಂದು ಸಲ ಒತ್ತಿ ಸೀನು ಬಂದರೆ, "ನಿಮ್ಮ ಮೇಡಂ ಸುಳ್ಳಿ" ಅನ್ನುತ್ತಿದ್ದಳು. ಇನ್ನೊಂದು ಸಲ ನಿಂತರೆ, "ಮೇಡಂ ಹೊಟ್ಟಿ ತಣ್ಣಗಿರಲಿ." ಅವಳ ಅಂಗೈ ಎಷ್ಟು ಗಡುಸಾಗಿತ್ತೆಂದರೆ ಒತ್ತಿ ಒತ್ತಿ ನನ್ನ ಹೆಬ್ಬೆರಳೇ ನೋಯುತ್ತಿತ್ತು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೋ ಅಂದರೆ ಮಾತ್ರ ಬೇಡ. ಕಟ್ಟಿಕೊಂಡರೆ ಹೆಂಗಸರು ನಗುತ್ತಾರಂತೆ. ಊದಿದ ಕಣ್ಣಿಗೆ ಯಾರೂ ನಗುವುದಿಲ್ಲ, ಬಟ್ಟೆಗೆ ನಗುತ್ತಾರೆ!

ಅವಳ ಜೊತೆ ನಾನೂ ಕಣಕ್ಕೆ ಹೋದೆ. ತೂರುವ ದಿನ ಗಾಳಿ ಚೆನ್ನಾಗಿತ್ತು, ಅಂದರೆ ನಮಗೆ ಕೆಟ್ಟದಾಗಿತ್ತು. ಹೊಂಬಣ್ಣದ ಹೊಟ್ಟು ಹಾರಿ ಬಂದು ಕೂದಲು, ಕಿವಿ, ಕುತ್ತಿಗೆಯೊಳಗೆ ಇಳಿಯುತ್ತಿತ್ತು. ಅವ್ವ ಬುಟ್ಟಿ ತುಂಬಿ ಕೊಟ್ಟು, ಪಕ್ಕಕ್ಕೆ ಬಂದು ಮೂಗಿನ ಬದಿ ಒತ್ತಿಕೊಂಡು, ಮತ್ತೆ ಬುಟ್ಟಿಗೆ ಕೈ ಹಾಕುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಉಳಿದ ಹೆಂಗಸರೂ ಕಲಿತರು. ರೊಟ್ಟಿ ತಿನ್ನಲು ಕೂತವರೆಲ್ಲ ಸಾಲಾಗಿ ಮೂಗು ಒತ್ತಿಕೊಳ್ಳುವುದನ್ನು ಕಂಡು ಶರಣಪ್ಪ ಹೆದರಿದ.

"ಏನ್ರಬೇ ಇದು, ಮಾಟಾ ಮಾಡಾಕತ್ತೀರೇನು ಕಣದಾಗ?"

"ಮೂಗಿಗೆ ಬುದ್ಧಿ ಹೇಳಾಕತ್ತೀವಿ, ನೀ ಹೋಗಪಾ" ಅಂದಳು ಅವ್ವ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಾನು ಕಲಿಸಿದ್ದರಿಂದಲೇ ಅವಳು ಇನ್ನಷ್ಟು ಹೊತ್ತು ಆ ದೂಳಿನಲ್ಲಿ ನಿಂತಿದ್ದಳು. ಸಂಜೆಗೆ ಅವಳ ಎದೆಯಿಂದ ಸಿಳ್ಳಿನಂಥ ಸದ್ದು ಬರುತ್ತಿತ್ತು. ಯಾರ ಮೇಲೆ ರೇಗಬೇಕೋ ತಿಳಿಯದೆ ದಾರಿಯಲ್ಲಿದ್ದ ಕಲ್ಲನ್ನು ಒದ್ದು ಕಾಲು ನೋಯಿಸಿಕೊಂಡೆ.

ರಾಶಿಯ ದಿನ ಬಂತು. ಕಾಳು ಗುಡ್ಡೆಯಾಗಿತ್ತು. ಸಾಹುಕಾರರು ಮಡಿ ಧೋತರ ಉಟ್ಟು ಬಂದು ರಾಶಿಯ ಪಕ್ಕ ಕಂಬಳಿಯ ಮೇಲೆ ಕೂತರು. ನಮ್ಮ ಕೇರಿಯವರು ಯಾವಾಗಲೂ ನಿಲ್ಲುವ ಹಾಗೆ ದೂರದಲ್ಲಿ, ಹೊಟ್ಟಿನ ಕಡೆ ನಿಂತೆವು. ಕಾಳನ್ನು ಹೊತ್ತು, ಹರವಿ, ತುಂಬಿದ ಕೈಗಳು ಪೂಜೆಯಾದ ಮೇಲೆ ರಾಶಿ ಮುಟ್ಟುವಂತಿರಲಿಲ್ಲ. ಕಾಯಿ ಒಡೆದರು. ಮಾತು ನಿಂತಿತು. ಶರಣಪ್ಪ ಅಳತೆಯ ಕೊಳಗ ಎತ್ತಿದ. ನಾನು ಅವ್ವನ ಮುಖವನ್ನೇ ನೋಡುತ್ತಿದ್ದೆ. ಅವಳ ಮೂಗಿನ ತುದಿ ಅಲುಗಿತು. ಎರಡು ಬೆರಳಿನಿಂದ ಮೇಲ್ತುಟಿ ಒತ್ತಿ ಹಿಡಿದಳು. ಕಣ್ಣಿನಿಂದ ನೀರು ಇಳಿಯಿತು, ಕುತ್ತಿಗೆಯ ನರ ಉಬ್ಬಿತು. ನಿಲ್ಲಲಿ, ನಿಲ್ಲಲಿ ಎಂದು ಮನಸ್ಸಿನಲ್ಲೇ ಸರೋಜಾಬಾಯಿಯವರ ಕಾಲು ಹಿಡಿದೆ.

"ಲಾಭ" ಅಂದ ಶರಣಪ್ಪ.

ಅವ್ವ ಸೀನಲಿಲ್ಲ. ಸಾಹುಕಾರರು ಸೀನಿದರು.

ಈಗ ಅಳತೆ ನಿಲ್ಲುತ್ತದೆ, ಮತ್ತೆ ಕಾಯಿ ತರಿಸುತ್ತಾರೆ ಎಂದುಕೊಂಡೆ. ಶರಣಪ್ಪ ಕೊಳಗ ಹಿಡಿದುಕೊಂಡೇ, "ಧಣೇರು ಸೀನಿದ್ರ ಕಣ ತುಂಬತದ. ನೂರು ವರ್ಷ ಬಾಳ್ರಿ" ಅಂದ. ಹೌದು ಹೌದು ಎಂದು ಎಲ್ಲರೂ ತಲೆಯಾಡಿಸಿದರು. ಅಳತೆ ಮುಂದುವರಿಯಿತು. ಹೋದ ವರ್ಷ ಎದ್ದು ಹೋಗಿದ್ದ ಲಕ್ಷ್ಮಿ ಈ ವರ್ಷ ಅಲುಗಲೂ ಇಲ್ಲ! ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯಲು ಹೋದರೆ ಅವ್ವ ನನ್ನ ಸೆರಗು ಹಿಡಿದೆಳೆದಳು.

ಆದರೆ ಸಾಹುಕಾರರ ಸೀನು ಒಂದಕ್ಕೆ ಮುಗಿಯಲಿಲ್ಲ. ಅವರ ಮೂಗೂ ನಮ್ಮ ಜಾತಿಯದೇ ಇತ್ತು. ಸಾಲು ಹಿಡಿಯಿತು. ಮುಖ ಕೆಂಪಾಗಿ, ಉಸಿರು ಸಿಗದೆ, ಕಂಬಳಿ ಹಿಡಿದುಕೊಂಡರು. ಶರಣಪ್ಪನಿಗೆ ಎಷ್ಟನೆಯ ಅಳತೆ ಎಂಬುದೇ ಮರೆತುಹೋಯಿತು.

ಅವ್ವ ದೂರದಿಂದಲೇ ಹೇಳಿದಳು. "ಧಣೇರಾ, ಕೈಯಾಗ ಒಂದ್ ಜಾಗ ಅದ. ಒತ್ರಿ, ತಡಿತದ."

"ಎಲ್ಲಿ?"

ಅವ್ವ ಎರಡು ಹೆಜ್ಜೆ ಮುಂದೆ ಹೋದಳು. ಸಾಹುಕಾರರು ಕೈ ಹಿಂದಕ್ಕೆ ಎಳೆದುಕೊಂಡರು. "ಅಲ್ಲೇ ನಿಂತು ತೋರ್ಸು."

ಅವಳು ತನ್ನ ಕೈ ಎತ್ತಿ ತೋರಿಸಿದಳು. ಅವರು ಮಣಿಕಟ್ಟು ಒತ್ತಿಕೊಂಡರು. ಅಲ್ಲರೀ, ಇಲ್ಲಿ. ಅವರು ಬೆರಳ ತುದಿ ಒತ್ತಿಕೊಂಡರು. ಮತ್ತೆ ಸೀನು. ಒಂದು ಕೈ ಹಿಡಿದು ತೋರಿಸಿದ್ದರೆ ಚಿಟಿಕೆ ಹೊಡೆಯುವುದರಲ್ಲಿ ಆಗುವ ಕೆಲಸ. ಅದಕ್ಕೆ ಅಷ್ಟು ಜನ ನಿಂತು, ಮೇಲೆ, ಕೆಳಗೆ, ಹೆಬ್ಬೆರಳಿನ ಬುಡದಾಗ ಎಂದು ಕೂಗುತ್ತಿದ್ದರು. ಆಗ ಶರಣಪ್ಪನೇ ಉಪಾಯ ಹೇಳಿದ. "ದಂಟಿನಿಂದ ಒತ್ತಲಿ ಬಿಡ್ರಿ." ಅವನು ಮುಟ್ಟಬಹುದಾದವನು, ತಾನೇ ಒತ್ತಬಹುದಿತ್ತು. ಆದರೆ ಮಾಟವೋ ಏನೋ ಎಂಬ ಹೆದರಿಕೆ ಅವನಿಗೆ ಇನ್ನೂ ಹೋಗಿರಲಿಲ್ಲ.

ಅವ್ವ ಒಂದು ಜೋಳದ ದಂಟು ಮುರಿದು, ತುದಿಯ ಸಿಬಿರು ಕಿತ್ತು ನಯ ಮಾಡಿದಳು. ಸಾಹುಕಾರರು ಕೈ ಚಾಚಿದರು. ಅವಳು ಒಂದು ಮಾರು ದೂರ ಬಗ್ಗಿ ನಿಂತು, ದಂಟಿನ ತುದಿಯನ್ನು ಆ ಜಾಗಕ್ಕೆ ಇಟ್ಟು ಒತ್ತಿದಳು. ನಾನು ಬೇರೆ ಕಡೆ ತಿರುಗಿಕೊಂಡೆ. ಸೀನು ಕಡಿಮೆಯಾಯಿತು. ಯಾಕೆ ಆಯಿತೋ! ನನ್ನ ತರಗತಿಯಲ್ಲಿ ಎಷ್ಟೋ ಸಲ ಕೈಕೊಟ್ಟ ವಿದ್ಯೆ ಅಲ್ಲಿ ಕೆಲಸ ಮಾಡಿತು. ಅಳತೆ ಮುಗಿಯಿತು. ಅವ್ವನ ಪಾಲಿನ ಕಾಳು ಬಂತು, ಮುಂದಿನ ವರ್ಷಕ್ಕೂ ಬಾ ಎಂಬ ಮಾತೂ ಬಂತು.

ಮನೆಗೆ ಬರುವಾಗ ನಾನು ಸುಮ್ಮನಿರಲಿಲ್ಲ. "ನೀ ಸೀನಿದ್ರ ಪಾಪ, ಅಂವ ಸೀನಿದ್ರ ಪುಣ್ಯ. ಅಂಥವಗ ದಂಟು ಹಿಡಿದು ಒತ್ತಿ ಬಂದ್ಯಲ್ಲ ಬೇ! ನಾಚಿಕಿ ಆಗಲಿಲ್ಲೇನು?" ಅವ್ವ ತಲೆಯ ಮೇಲಿನ ಕಾಳಿನ ಗಂಟು ಸರಿಮಾಡಿಕೊಂಡು ಮುಂದೆ ನಡೆದಳು. ಅದು ನನ್ನನ್ನು ಇನ್ನಷ್ಟು ರೇಗಿಸಿತು.

ಮರುದಿನ ಶರಣಪ್ಪ ನಮ್ಮ ಕೇರಿಯ ಬಾಯಿಗೆ ಬಂದು ನಿಂತು ಕೂಗಿದ. "ದುರ್ಗೀ, ಧಣೇರಿಗೆ ಮತ್ತ ಸೀನು ಹತ್ಯದ. ದಂಟು ತಗೊಂಡು ಬಾ ಅಂದಾರ."

ಅವ್ವ ಕಾಳು ಹಸನು ಮಾಡುತ್ತಿದ್ದವಳು ಎದ್ದು ಹೊರಗೆ ಹೋದಳು. ನನ್ನ ಮೈ ಮತ್ತೆ ಉರಿಯತೊಡಗಿತು, ಹೊರಟೇಬಿಟ್ಟಳು ಎಂದು.

"ದಂಟು ಬರಂಗಿಲ್ಲಪಾ" ಅಂದಳು. "ನನ್ನ ಕೈ ಬರ್ತದ. ಕೈಲೇ ಒತ್ತಿಸ್ಕೊಂತೀನಿ ಅಂದ್ರ ಹೇಳು, ಈಗs ಬರ್ತೀನಿ."

"ತಲಿ ಕೆಟ್ಟದೇನು? ಮುಂದಿನ ವರ್ಷ ಕಣದಾಗ ಕಾಲಿಡಂಗಿಲ್ಲ ನೀ."

"ಗೊತ್ತದ."

ಶರಣಪ್ಪ ಗೊಣಗುತ್ತ ಹೊರಟುಹೋದ. ಅವ್ವ ಒಳಗೆ ಬಂದು ಮತ್ತೆ ಮೊರ ಹಿಡಿದಳು. ಹೋಗಬೇಡ ಎಂದು ಇಷ್ಟು ದಿನ ಬಡಿದಾಡಿದ ನನಗೆ ಈಗ ಅಳು ಬಂತು. "ಯವ್ವಾ, ಮುಂದಿನ ವರ್ಷದ ಜೋಳ?" ಎಂದೆ.

"ನೀನs ಅಂತಿದ್ದೆಲ್ಲ ಹೋಗಬ್ಯಾಡ ಅಂತ. ಈಗ ಅಳಾಕತ್ತೀಯೇನು?" ಅವಳು ಮೊರದ ಕಾಳು ಕೇರಿದಳು. "ದಂಟು ಅಂವನ ಕೈಗೆ ಇಟ್ಟಾಗ ನಾಚಿಕಿ ಏನಂತ ನಂಗೂ ಗೊತ್ತಾತು ಬಿಡು. ರಾಶಿ ಕೆಡಬಾರದು ಅಂತ ಒಮ್ಮಿ ಒತ್ತಿದೆ."

ಅವಳನ್ನು ಮತ್ತೆ ಯಾರೂ ಕರೆಯಲಿಲ್ಲ. ಮುಂದಿನ ವರ್ಷ ಅವಳು ಗುಂಪಿನ ಜೊತೆ ಮಾನ್ವಿ ಕಡೆ, ಕಲ್ಲೂರಿನ ಕಾಲುವೆ ನೀರಿನ ಗದ್ದೆಗಳಿಗೆ ನಾಟಿ ಮಾಡಲು ಹೋದಳು. ಅಲ್ಲಿ ಸುಂಕಿಲ್ಲ, ಸೀನು ಕಡಿಮೆಯಾಯಿತು, ಎದೆಯ ಸಿಳ್ಳು ನಿಂತಿತು. ಬದಲಿಗೆ ಸೊಂಟ ಹೋಯಿತು. ನನ್ನ ನೌಕರಿ ಅರ್ಜಿ ಯಾವುದೋ ಮೇಜಿನ ಮೇಲೆ ಮಲಗಿತ್ತು. ಒಂದು ಒಳ್ಳೆಯದಾದರೆ ಇನ್ನೊಂದು ಕಡೆ ಯಾಕೆ ಕಿತ್ತುಕೊಳ್ಳಬೇಕು ಎಂದು ನಾನು ಬೈದುಕೊಳ್ಳದ ದಿನವಿರಲಿಲ್ಲ.

ಆ ಸಲದ ಸುಗ್ಗಿಗೆ ಇಬ್ಬರೂ ಊರಲ್ಲಿದ್ದೆವು. ಅವ್ವ ಮಾನ್ವಿಯಿಂದ ತಂದ ನುಚ್ಚಕ್ಕಿಯ ಹಿಟ್ಟಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಜೋಳದಂತೆ ಕೈಗೆ ಬಾರದೆ ಅಂಚು ಬಿರಿದರೆ ಹಿಟ್ಟಿಗೇ ಬೈಯುತ್ತಿದ್ದಳು. ಗಾಳಿ ಕಣದ ಕಡೆಯಿಂದ ಬೀಸುತ್ತಿತ್ತು. ಶರಣಪ್ಪ "ಲಾಭ" ಎಂದು ಕೂಗಿದ್ದು ಕೇಳಿತು. ಹಿಂದೆಯೇ ಸಾಹುಕಾರರ ಸೀನು ಶುರುವಾಯಿತು. ನಿಲ್ಲಲೇ ಇಲ್ಲ. ಮೇಲಕ್ಕೆ ಒತ್ರಿ, ಕೆಳಗ ಒತ್ರಿ ಎಂದು ಯಾರೋ ಕೂಗುತ್ತಿದ್ದರು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಆ ಸೀನಿನ ಸಂಕಟ ಏನೆಂದು ನನ್ನ ಮೂಗಿಗೆ ಗೊತ್ತಿತ್ತು.

ಅವ್ವ ಬಡಿಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಕೈ ಕೊಟ್ಟಿದ್ರ ಎಷ್ಟೊತ್ತಿನ ಕೆಲಸ ಅದು" ಎಂದು ರೊಟ್ಟಿ ಹಂಚಿಗೆ ಹಾಕಿದಳು.